ಚಾಲೈಯಲ್ಲಿ ಹಿಮ ಬಿದ್ದ ವರ್ಷ

ಹೋದ ಅಕ್ಟೋಬರ್‌ನಲ್ಲಿ ತಿರುವನಂತಪುರದ ಚಾಲೈ ಅನ್ನೋ ಹಳೇ ಮಾರ್ಕೆಟ್ ಬೀದೀಲಿ ನಡೀತಾ ಇದ್ದೆ. ಹಿಂದೆ ನಮ್ಮ ಕಾಲೇಜಿನ ಹನ್ನೊಂದು ಜನ ಹುಡುಗ ಹುಡುಗೀರು. ನಾನೀಗ ಹಿಸ್ಟರಿ ಮೇಷ್ಟ್ರು. ದೇಶದ ಭವಿಷ್ಯದ ಬಗ್ಗೆ ನಿಮಗೆ ಚಿಂತೆ ಶುರುವಾಗಿದ್ರೆ ಅದು ಸಹಜ. "ಎಲ್ಲರೂ ನನ್ನ ಹಿಂದೇನೇ ಬನ್ನಿ, ಎರಡು ವರ್ಷ ಇದ್ದ ಊರು ಇದು" ಅಂತ ಜಂಬದಲ್ಲಿ ಹೇಳಿ ಅವರನ್ನ ಎರಡು ಸಲ ಒಂದೇ ಬಾಳೆಹಣ್ಣಿನ ಮಂಡಿ ಮುಂದೆ ತಂದು ನಿಲ್ಲಿಸಿದ್ದೆ. ಮೂರನೇ ಸಲ ಮಂಡಿಯವನೇ ನಮ್ಮನ್ನ ನೋಡಿ ಕೈ ಬೀಸಿದ.

ಅಷ್ಟರಲ್ಲಿ ಮಳೆ ಬಂತು. ಅಲ್ಲಿ ಅಕ್ಟೋಬರ್ ಮಳೆಗೆ ಟೈಮ್ ಟೇಬಲ್ ಇದೆ. ಬೆಳಿಗ್ಗೆಯೆಲ್ಲ ಬೆವರು ಇಳಿಸಿ, ಮಧ್ಯಾಹ್ನ ಮೂರರ ಮೇಲೆ ಗುಡುಗಿ, ಸುರಿದು, ಏನೂ ಆಗಿಲ್ಲ ಅನ್ನೋ ಹಾಗೆ ಹೋಗ್ಬಿಡುತ್ತೆ. ಅದು ಬಿದ್ದ ಕೂಡ್ಲೇ ಒಂದು ವಾಸನೆ ಎದ್ದಿತು. ಒದ್ದೆ ಗೋಣಿಚೀಲ, ಒಣಶುಂಠಿ, ಅವೆರಡರ ಅಡಿಯಲ್ಲಿ ತಣ್ಣಗೆ ಲಾವಂಚ. ಮೆದುಳು ಮೂರು ಸಲ ತಪ್ಪಿಸಿದ ದಾರೀನ ಮೂಗು ಒಂದೇ ಸಲಕ್ಕೆ ಹಿಡೀತು. ಎಡಕ್ಕೆ ತಿರುಗಿದೆ. ಅಲ್ಲೇ ಇತ್ತು, ನಾರುಬೇರಿನ ಅಂಗಡಿ. ನಾನು ಎಂ.ಎ. ಎರಡನೇ ವರ್ಷದಲ್ಲಿ ಜಗತ್ತಿನ ಅತಿ ದೊಡ್ಡ ಇತಿಹಾಸಕಾರ ಆಗಿ, ಹದಿನೆಂಟು ದಿನಕ್ಕೆ ಆ ಪದವಿ ಕಳ್ಕೊಂಡ ಜಾಗ.

ನಾನು ತಿಪಟೂರಿನವನು. ತಿರುವನಂತಪುರದಲ್ಲಿ ಎಂ.ಎ.ಗೆ ಸೀಟು ಸಿಕ್ತು ಅಂದಾಗ ನಮ್ಮಪ್ಪ, "ತೆಂಗಿನಮರ ನೋಡೋಕೆ ಅಷ್ಟು ದೂರ ಹೋಗ್ಬೇಕೇನ್ಲಾ?" ಅಂದ್ರು. ಬಿ.ಎ.ನಲ್ಲಿ ನಾನು ಕಾಲೇಜಿಗೇ ಫಸ್ಟು. ಗುಟ್ಟು ಇಷ್ಟೇ: ಯಾವ ಯುದ್ಧಕ್ಕಾದ್ರೂ ಕಾರಣಗಳು ಎಂಟು, ಪರಿಣಾಮಗಳು ಆರು. ಬಾಯಿಪಾಠ. ಒಂಬತ್ತನೇ ಕಾರಣ ಇದ್ರೆ ಆ ಯುದ್ಧ ನಮ್ಮ ಸಿಲಬಸ್‌ಗೆ ಬರೋ ಹಾಗಿಲ್ಲ.

ಎರಡನೇ ವರ್ಷ ನಮಗೆ ಅಂಬಿಕಾ ಟೀಚರ್ ಬಂದ್ರು. ಐವತ್ತು ದಾಟಿದವರು, ಹತ್ತಿ ಸೀರೆ, ಕಂಕುಳಲ್ಲಿ ಉದ್ದ ಕಾಲಿನ ಕೊಡೆ. ಕೇರಳದಲ್ಲಿ ಮೇಡಂ ಅನ್ನೋದು ಕಮ್ಮಿ, ಟೀಚರ್ ಅಂತಲೇ ಕರೀತಾರೆ. ಅವರು ಮಾತಾಡ್ತಿದ್ದದ್ದು ಇಂಗ್ಲಿಷಿಗೆ ಮಲಯಾಳದ ಒಗ್ಗರಣೆ ಹಾಕಿ. ನಾನು ಇಲ್ಲಿ ಕನ್ನಡದಲ್ಲೇ ಬಡಿಸ್ತೀನಿ. ಮೊದಲ ದಿನ ನಾನು ನಾಲ್ಕು ಬಣ್ಣದ ಪೆನ್ನು ಜೋಡಿಸಿ ನೋಟ್ಸಿಗೆ ಕಾಯ್ತಾ ಕೂತಿದ್ದೆ. ಅವರು ಕೊಡೆ ಮೂಲೆಗಿಟ್ಟು ಕೇಳಿದ್ರು:

"ಗಿರೀಶ್, ಬೆಳಿಗ್ಗೆ ಏನು ತಿಂದೆ?"

"ಪುಟ್ಟು, ಕಡಲೆ, ಟೀಚರ್."

"ಸಾಕ್ಷಿ?"

"ತಿಂದಿದ್ದು ನಾನೇ ಟೀಚರ್!"

"ಅದಕ್ಕೇ ಅನುಮಾನ. ಬೇರೆ ಯಾರಿಗಾದ್ರೂ ಗೊತ್ತಾ?"

ಹಿಂದಿನ ಬೆಂಚಿಂದ ಉದಯ ಎದ್ದ. ನನ್ನ ರೂಮ್‌ಮೇಟು, ಕಾಸರಗೋಡು ಕಡೆಯ ಕನ್ನಡದವನು, ಮಲಯಾಳ ನೀರು ಕುಡಿದಷ್ಟು ಸಲೀಸು. "ಇವ ತಿಂದದ್ದು ನಾಲ್ಕು ಪುಟ್ಟು ಟೀಚರೇ. ಅದರಲ್ಲಿ ಎರಡು ನನ್ನದು."

"ಉದಯನಿಗೆ ಸಿಟ್ಟಿದೆ," ಅಂದ್ರು ಟೀಚರ್ ಕ್ಲಾಸಿಗೆಲ್ಲ. "ಸಿಟ್ಟಿರೋ ಸಾಕ್ಷಿ ಜಾಸ್ತಿ ಎಣಿಸ್ತಾನೆ. ಸಿಟ್ಟಿಲ್ಲದ ಸಾಕ್ಷಿ ಏನಿದೆ?"

ಮೆಸ್ಸಿನ ಬುಕ್ ತರಿಸಿದ್ರು. ಅದರಲ್ಲಿ ನನ್ನ ಹೆಸರಿನ ಮುಂದೆ ದೋಸೆ ಅಂತಿತ್ತು. ನನ್ನ ಅಂಗಿ ಮೇಲೆ ಒಂದು ಕಲೆ ಇತ್ತು; ಅದು ಇವತ್ತಿಂದಾ, ಹೋದ ವಾರದ್ದಾ ಅನ್ನೋದರ ಮೇಲೆ ಕಾಲು ಗಂಟೆ ಚರ್ಚೆ ಆಯ್ತು. ಹೋದ ವಾರದ್ದು ಅಂತ ಬಹುಮತ. ಪೀರಿಯಡ್ ಮುಗಿಯೋ ಹೊತ್ತಿಗೆ ತಿಂಡಿ ತಿಂದಿದೀನೋ ಇಲ್ವೋ ಅಂತ ನನಗೇ ಗೊತ್ತಾಗದೆ ಹೋಗಿ ಇನ್ನೊಂದು ಸಲ ತಿಂದೆ.

ಅವರ ಕ್ಲಾಸಿಗೆ ಎರಡೇ ನಿಯಮ. ಒಂದು, ಕೆಂಪು ಪೆನ್ಸಿಲ್. ನಾವು ಬರೆದ ಪ್ರತಿ ವಾಕ್ಯದ ಪಕ್ಕ 'ಹೇಗೆ ಗೊತ್ತು?' ಅಂತ ನಾವೇ ಕೇಳ್ಕೊಬೇಕು. ಉತ್ತರ ಇಲ್ಲದ್ದಕ್ಕೆ ನಾವೇ ಕೆಂಪು ಗೆರೆ ಎಳೀಬೇಕು. ನನ್ನ ಮೊದಲ ಪ್ರಬಂಧ ರಕ್ತದಾನ ಶಿಬಿರದ ಹಾಗಿತ್ತು. ಇನ್ನೊಂದು, ಎದುರು ಕುರ್ಚಿ. ಪ್ರಬಂಧ ಓದಿದವರು ಓದಿ ಮುಗಿಸಿ, ಎದ್ದು, ಟೇಬಲ್ಲಿನ ಆಚೆ ಕಡೆ ಇರೋ ಕುರ್ಚೀಲಿ ಕೂತು, ತಮ್ಮ ಪ್ರಬಂಧವನ್ನ ತಾವೇ ಪ್ರಶ್ನೆ ಕೇಳಿ ಕೆಡವೋಕೆ ನೋಡ್ಬೇಕು. ಕೆಡವಿದ ಮೇಲೂ ಏನು ನಿಲ್ಲುತ್ತೋ ಅದಕ್ಕೆ ಮಾರ್ಕ್ಸು. ಉದಯ ಆ ಕುರ್ಚೀಲಿ ಕೂತು ತನ್ನನ್ನ ತಾನೇ ಎಷ್ಟು ಜೋರಾಗಿ ಬೈಕೊಂಡ ಅಂದ್ರೆ, ವಾಪಸ್ ಬಂದು ಒಂದು ದಿನ ಪೂರ್ತಿ ತನ್ನ ಜೊತೆ ತಾನೇ ಮಾತು ಬಿಟ್ಟಿದ್ದ.

ಅಕ್ಟೋಬರಲ್ಲಿ ಟೀಚರ್ ಹೇಳಿದ್ರು: ಬಸ್ಸಲ್ಲಿ ಹೋಗಿ ಬರೋ ದೂರದ ಒಂದು ಜಾಗ, ಅಲ್ಲಿ ಬಹಳ ಕಾಲದಿಂದ ಇರೋ ಒಬ್ಬರು, ಅವರ ಜೊತೆ ಮಾತು. ಪುಸ್ತಕ ಆಮೇಲೆ.

ಒಂದು ಸತ್ಯ ಹೇಳ್ಬಿಡ್ತೀನಿ. ಆ ಊರಲ್ಲಿ ನನಗೆ ಒಂಟಿ ಅನ್ನಿಸ್ತಿತ್ತು. ತಿಪಟೂರು ಅಂದ್ರೆ "ಬೆಂಗಳೂರಲ್ಲಿ ಅದು ಯಾವ ಏರಿಯಾ?" ಅಂತ ಕೇಳೋರು. ನನಗಿಂತ ಮುಂಚೆ ನಮ್ಮೋರು ಯಾರಾದ್ರೂ ಈ ಬಿಸಿಲಲ್ಲಿ ಬೆವರಿದ್ರು ಅಂತ ಗೊತ್ತಾದ್ರೆ ಸಾಕಿತ್ತು. ಹಾಗಾಗಿ ಚಾಲೈಗೆ ಹೋಗೋ ಮುಂಚೆಯೇ ನನ್ನ ಪ್ರಬಂಧದ ತೀರ್ಮಾನ ರೆಡಿ ಆಗಿತ್ತು: ಈ ಮಾರ್ಕೆಟ್ಟಲ್ಲಿ ಒಂದು ಕಾಲಕ್ಕೆ ಕನ್ನಡ ವ್ಯಾಪಾರಿಗಳದ್ದೇ ಒಂದು ಸಾಲು ಇತ್ತು. ಇನ್ನು ಯಾರಾದ್ರೂ ಹೌದು ಅನ್ನೋದೊಂದೇ ಬಾಕಿ.

"ನಾನು ಬರ್ತೇನೆ, ಭಾಷೆಗೆ ಬೇಕಲ್ಲ," ಅಂದ ಉದಯ.

"ಬೇಡ. ನಂಗೆ ಮಲಯಾಳ ಬರುತ್ತೆ."

"ಎಂತ ಬರ್ತದೆ ಮಾರಾಯ? ನಿನ್ನೆ ಕ್ಯಾಂಟೀನಲ್ಲಿ ನೀರು ಕೇಳಿದ್ದಕ್ಕೆ ಅವರು ಪರೋಟ ತಂದುಕೊಟ್ರು."

"ನಂಗೆ ಪರೋಟಾನೇ ಬೇಕಾಗಿತ್ತು."

ಒಬ್ಬನೇ ಹೋದೆ. ಮಳೆ ಹಿಡೀತು, ಪೂರ್ತಿ ನೆಂದೆ, ಈ ನಾರುಬೇರಿನ ಅಂಗಡಿ ಮಾಡಿನ ಕೆಳಗೆ ನುಗ್ಗಿದೆ. ಒಳಗೆ ಅಂಗಡಿ ಯಜಮಾನರು, ಮಾಣಿಕ್ಯಂ ಅಣ್ಣಾಚಿ. ಎಪ್ಪತ್ತೈದರ ಹತ್ತಿರ, ಹಣೆತುಂಬ ವಿಭೂತಿ, ಬಿಳಿ ಬನಿಯನ್ನು. ಅಜ್ಜನ ಕಾಲದಲ್ಲಿ ತಮಿಳು ಸೀಮೆಯಿಂದ ಬಂದ ಮನೆತನ. ಅವರದ್ದು ಅರ್ಧ ತಮಿಳು, ಅರ್ಧ ಮಲಯಾಳ. ನನ್ನನ್ನ ನೋಡಿದವರೇ ಒಂದು ಟವೆಲ್ ಎಸೆದು, ಚುಕ್ಕು ಕಾಪಿ ತರಿಸಿದ್ರು. ಶುಂಠಿ ಕಾಫಿ ಅದು, ಗಂಟಲಿಗೆ ಬೆಂಕಿ, ಎದೆಗೆ ಕಂಬಳಿ. ನಾನು ಫೋನಲ್ಲಿ ರೆಕಾರ್ಡಿಂಗ್ ಒತ್ತಿ ಶುರು ಮಾಡಿದೆ.

"ಅಣ್ಣಾಚಿ, ಇಲ್ಲಿ ಹಿಂದೆ ಕನ್ನಡದ ವ್ಯಾಪಾರಿಗಳು ಇದ್ರಲ್ವಾ?"

"ಆಮಾ," ಅಂದ್ರು. ತಮಿಳಲ್ಲಿ ಹೌದು ಅಂತ.

"ಬಹಳ ಜನ ಇದ್ರಲ್ವಾ?"

"ಆಮಾ, ಆಮಾ."

"ಒಂದು ಸಾಲೇ ಇತ್ತಲ್ವಾ, ಈ ಕಡೆ?"

"ಆ ಕಡೆ," ಅಂದ್ರು, ಸ್ವಲ್ಪ ಹೊತ್ತು ಯೋಚನೆ ಮಾಡಿ.

ನನಗೆ ಮೈ ಜುಂ ಅಂತು. ದಿಕ್ಕು ಸಮೇತ ಸಾಕ್ಷಿ! ಮಧ್ಯೆ ಒಂದು ಸಲ ಅವರು ಲಾವಂಚದ ಕಟ್ಟೊಂದನ್ನ ಕೈಗೆ ತಗೊಂಡು, "ನಮ್ಮಮ್ಮ ಇಲ್ಲಿ..." ಅಂತ ಏನೋ ಮಾತು ತೆಗೆದ್ರು. "ಅದೆಲ್ಲ ಆಮೇಲೆ ಅಣ್ಣಾಚಿ," ಅಂದೆ ನಾನು, "ಆ ಸಾಲಲ್ಲಿ ಎಷ್ಟು ಅಂಗಡಿ?"

ರೂಮಿಗೆ ಬಂದವನು ಬಟ್ಟೆ ಬದಲಾಯಿಸೋ ಮುಂಚೆ ವಾಟ್ಸ್ಯಾಪಲ್ಲಿ ಹಾಕಿದೆ: 'ಮರೆತುಹೋದ ಕನ್ನಡ ಬೀದಿ ಪತ್ತೆ.' ಪತ್ತೆ ಮಾಡಿದವನ ಫೋಟೋನೂ ಹಾಕಿದೆ, ಮೂರು ಕೋನದಿಂದ. ಅದು ಎಲ್ಲೆಲ್ಲೋ ಸುತ್ತಿ ಕೊಚ್ಚಿಗೆ ತಲುಪಿ, ನಾಲ್ಕನೇ ದಿನಕ್ಕೆ ಒಂದು ಫೋನ್ ಬಂತು. ನಾಗರಾಜ್ ಅಂಕಲ್, ಮಂಡ್ಯದವರು, ಕೊಚ್ಚಿಯಲ್ಲಿ ಬ್ಯಾಂಕ್ ಮ್ಯಾನೇಜರ್. ಅಲ್ಲಿನ ಬ್ಯಾಂಕು, ಸೆಂಟ್ರಲ್ ಗೌರ್ಮೆಂಟ್ ಆಫೀಸುಗಳ ಕನ್ನಡದವರೆಲ್ಲ ಸೇರಿ ಮಾಡ್ಕೊಂಡಿದ್ದ ಕೂಟಕ್ಕೆ ಅವರೇ ಮುಖ್ಯಸ್ಥರು.

"ಓದ್ದೆ ಕಣಪ್ಪಾ," ಅಂದ್ರು. "ನನ್ನ ಮಗಳು ಅನಘಾ ಇಲ್ಲೇ ಹುಟ್ಟಿದ್ದು. ಕನ್ನಡದಲ್ಲಿ ಕೇಳಿದ್ರೆ ಮಲಯಾಳದಲ್ಲಿ ಉತ್ತರ ಕೊಡ್ತಾಳೆ. ಈ ಊರಿಗೂ ನಮಗೂ ಏನಪ್ಪಾ ಸಂಬಂಧ ಅಂತಾಳೆ. ನೀನು ನವೆಂಬರ್ ಒಂದಕ್ಕೆ ಬಂದು ಆ ಬೀದಿ ಬಗ್ಗೆ ಹೇಳು. ಅವಳಿಗೆ ಕೇಳಿಸ್ಬೇಕು. ಶಾಲು, ಪೇಟ, ಹಾರ ಎಲ್ಲ ಇರುತ್ತೆ."

ನವೆಂಬರ್ ಒಂದು ನಮಗೂ ಹುಟ್ಟುಹಬ್ಬ, ಕೇರಳಕ್ಕೂ ಹುಟ್ಟುಹಬ್ಬ. ನಾನು ಮೆಸ್ಸಿನ ಅಕ್ಕನ ಹತ್ರ ಟೇಪ್ ಇಸ್ಕೊಂಡು ಪೇಟಕ್ಕೆ ತಲೆ ಅಳತೆ ತಗೊಂಡೆ. ಉದಯ ನೋಡಿ, "ಒಳಗೆ ಎಷ್ಟು ಉಂಟು ಅಂತಲೂ ಅಳೆ ಒಮ್ಮೆ," ಅಂದ.

ಕಾರ್ಯಕ್ರಮಕ್ಕೆ ಮೂರು ದಿನ ಇದ್ದಾಗ ಕ್ಲಾಸಲ್ಲಿ ನನ್ನ ಸರದಿ ಬಂತು. ಪ್ರಬಂಧ ಓದಿದೆ. ಚಪ್ಪಾಳೆ ಬಂತು. ಎದ್ದು ಎದುರು ಕುರ್ಚೀಲಿ ಕೂತು ನನ್ನನ್ನ ಕೇಳ್ಕೊಂಡೆ: "ಗಿರೀಶ್ ಅವರೇ, ಇಷ್ಟು ಅದ್ಭುತವಾದ ವಿಷಯ ನಿಮಗೆ ಹೇಗೆ ಹೊಳೀತು?"

ಟೀಚರ್ ನಗಲಿಲ್ಲ. "ಅದು ಹಾರ ಹಾಕೋರ ಪ್ರಶ್ನೆ," ಅಂದ್ರು. "ರೆಕಾರ್ಡಿಂಗ್ ಹಾಕು. ಉದಯ, ಯಾರು ಎಷ್ಟು ಹೊತ್ತು ಮಾತಾಡ್ತಾರೆ ನೋಡ್ಕೋ."

ನಲವತ್ತೊಂದು ನಿಮಿಷದಲ್ಲಿ ಅಣ್ಣಾಚಿ ಮಾತಾಡಿದ್ದು ಐದು ನಿಮಿಷವೂ ಇರಲಿಲ್ಲ. ಉಳಿದದ್ದೆಲ್ಲ ನಾನು, ಗುಡುಗು, ಒಂದು ಆಟೋ. ಮೊದಲು ಕ್ಲಾಸು ನಕ್ಕಿತು. ಆಮೇಲೆ ನಗೋದು ನಿಂತುಹೋಯ್ತು. ಅದೇ ಹೆಚ್ಚು ಚುಚ್ಚಿತು. ನಾನು ಹೇಳ್ತಿದ್ದೆ, ಅವರು ಆಮಾ ಅಂತಿದ್ರು.

"ಅವರು ಸುಳ್ಳು ಹೇಳಿದ್ರು ಅಂತೀರಾ ಟೀಚರ್?"

"ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಖಂಡಿತ ನಡೆದಿಲ್ಲ ಅಂತ ಗೊತ್ತಿರೋ ಒಂದು ವಿಷಯಾನ ಇದೇ ಥರ ಕೇಳಿ ನೋಡು. ಅದಕ್ಕೂ ಹೌದು ಅಂದ್ರೆ ಈ ಹೌದುಗಳ ತೂಕ ಎಷ್ಟು ಅಂತ ಗೊತ್ತಾಗುತ್ತೆ."

ಅವತ್ತೇ ಸಂಜೆ ಉದಯನ ಜೊತೆ ಹೋದೆ. ಮತ್ತೆ ಮಳೆ, ಮತ್ತೆ ಟವೆಲ್, ಮತ್ತೆ ಚುಕ್ಕು ಕಾಪಿ. ಉದಯ ಬಹಳ ಗೌರವದಿಂದ ಕೇಳಿದ:

"ಅಣ್ಣಾಚಿ, ಹಿಂದೆಲ್ಲ ಈ ಚಾಲೈಯಲ್ಲಿ ಹಿಮ ಬೀಳ್ತಿತ್ತಲ್ವಾ?"

ಅಣ್ಣಾಚಿ ಅವನ ಒದ್ದೆ ತಲೆ ನೋಡಿದ್ರು. ನನ್ನ ಒದ್ದೆ ತಲೆ ನೋಡಿದ್ರು.

"ಆಮಾ," ಅಂದ್ರು. "ದಿನಾ ಅಲ್ಲ. ಅಪರೂಪಕ್ಕೆ."

ಉದಯ ಕಾಫಿ ಮೂಗಿಗೆ ಹತ್ತಿ ಕೆಮ್ಮಿದ. ನಾನು ಲೋಟ ಕೆಳಗಿಟ್ಟು, "ಅಣ್ಣಾಚಿ, ನಿಜವಾಗ್ಲೂ?" ಅಂದೆ. ಅವರು ಸಿಕ್ಕಿಬಿದ್ದ ಮಗು ಥರ ನಕ್ಕರು. "ತಂಬಿ, ನೀನು ಅಷ್ಟು ದೂರದಿಂದ ಬಂದವನು. ನೆಂದಿದ್ದೆ. ಕಣ್ಣಲ್ಲಿ ಎಷ್ಟು ಆಸೆ! ಇಲ್ಲ ಅಂತ ಹೇಗೆ ಹೇಳೋದು? ಕನ್ನಡದವರು ಒಬ್ಬರೋ ಇಬ್ಬರೋ ಬಂದು ಹೋಗಿರಬಹುದು. ನಾನು ನೋಡಿಲ್ಲ."

ಕರುಣೆಯಿಂದ ಕಟ್ಟಿಸಿಕೊಟ್ಟ ಬೀದಿ ಅದು. ಅಷ್ಟೂ ಅಂಗಡಿ ಒಂದೇ ಮಾತಿಗೆ ಬಾಗಿಲು ಹಾಕಿದ್ವು.

ನಾಗರಾಜ್ ಅಂಕಲ್‌ಗೆ ಫೋನ್ ಮಾಡಿದೆ. ನಾನು ಬಾಯಿ ತೆಗೆಯೋ ಮುಂಚೆ, "ಅನಘಾ ಮುಂದಿನ ಸಾಲಲ್ಲೇ ಕೂರ್ತೀನಿ ಅಂದಿದಾಳೆ ಕಣಪ್ಪಾ," ಅಂದ್ರು. ನಾನು, "ಸರಿ ಅಂಕಲ್," ಅಂದೆ. ನನ್ನ ಆಮಾ ಅದು. ಟೀಚರ್ ಹತ್ರ ಹೋಗಿ, ಏನು ಮಾಡ್ಲಿ ಅಂತ ಕೇಳಿದೆ. ಅವರು ಕೊಡೆ ಬಿಡಿಸ್ತಾ, "ಕುರ್ಚಿ ನಿಂದು," ಅಂದು ಮಳೇಲಿ ಹೊರಟುಹೋದ್ರು. ಬೈದಿದ್ರೂ ಚೆನ್ನಾಗಿತ್ತು.

ಕೊಚ್ಚಿಗೆ ಹೋಗೋ ಎರ್ನಾಕುಳಂ ರೈಲಲ್ಲಿ ನನ್ನ ಜೇಬಲ್ಲಿ ಎರಡು ಭಾಷಣ ಇತ್ತು. ಎಡ ಜೇಬಲ್ಲಿ ಬೀದಿ ಇರೋದು, ಬಲ ಜೇಬಲ್ಲಿ ಬೀದಿ ಇಲ್ಲದ್ದು. ಉದಯ ಹೋಳಿಗೆ ಊಟ ಉಂಟು ಅಂತ ಕೇಳಿ ಜೊತೆಗೆ ಬಂದಿದ್ದ.

"ಬೀದಿ ಇತ್ತು ಅಂದ್ರೆ ಯಾರಿಗೆ ನಷ್ಟ?" ಅಂದೆ ಅವನಿಗೆ. "ಒಂದು ಮಗುಗೆ ಖುಷಿ ಆಗುತ್ತೆ."

"ಆ ಮಗು ನಾಳೆ ದೊಡ್ಡದಾಗಿ ಆ ಬೀದಿ ಹುಡುಕಿಕೊಂಡು ಬರ್ತದೆ. ಆಗ ನೀನು ಎಲ್ಲಿರ್ತೀ?" ಅಂದವನು ಹಿನ್ನೀರು ನೋಡ್ತಾ ನಿದ್ದೆ ಹೋದ. ನಾನು ಹೋಗಲಿಲ್ಲ.

ಕೊಚ್ಚಿಯ ಹಾಲ್ ಸಣ್ಣದು. ಕಿಟಕಿಯಿಂದ ದೂರಕ್ಕೆ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಕಾಣ್ತಿದ್ವು. ಬಾಗಿಲಲ್ಲಿ ನನ್ನ ಫೋಟೋ ಇದ್ದ ಫ್ಲೆಕ್ಸು, 'ಸಂಶೋಧಕ' ಅಂತ ಬರೆದದ್ದು. ಪೇಟ ತೊಡಿಸಿದ್ರು, ನಾನು ಅಳತೆ ಕೊಟ್ಟಿದ್ದಕ್ಕೋ ಏನೋ, ಕಣ್ಣಿನ ತನಕ ಇಳೀತು. ಮುಂದಿನ ಸಾಲಲ್ಲಿ ಎರಡು ಜಡೆಯ ಹನ್ನೆರಡು ವರ್ಷದ ಹುಡುಗಿ. ಅನಘಾ. ಮೈಕ್ ಮುಂದೆ ನಿಂತು ಕೈ ಹಾಕಿದೆ. ಎಡ ಜೇಬಿಗೇ ಹೋಯ್ತು. ನನ್ನ ಕೈಗೂ ನನ್ನ ಬುದ್ಧಿನೇ ತಾನೇ.

ಮೊದಲ ಎರಡು ಸಾಲು ಓದಿದೆ. ಜನ ಚಪ್ಪಾಳೆ ತಟ್ಟಿದ್ರು. ಅಂಕಲ್ ಮಗಳ ಕಡೆ ಬಾಗಿ, ಕೇಳಿಸ್ಕೋ ಅನ್ನೋ ಹಾಗೆ ಭುಜ ಮುಟ್ಟಿದ್ರು. ಆ ಹುಡುಗಿ ನನ್ನನ್ನ ಕಣ್ಣು ಮಿಟುಕಿಸದೆ ನೋಡ್ತಿದ್ಲು. ಅಣ್ಣಾಚಿಗೆ ನನ್ನ ಕಣ್ಣಲ್ಲಿ ಕಂಡಿದ್ದು ಏನು ಅಂತ ಆಗ ಗೊತ್ತಾಯ್ತು.

"ಒಂದು ಕುರ್ಚಿ ಬೇಕಿತ್ತು," ಅಂದೆ.

ಸುಸ್ತಾಯ್ತೇನೋ ಅಂತ ಕುರ್ಚಿ ಜೊತೆ ನೀರೂ ತಂದ್ರು. ಕುರ್ಚೀನ ಮೈಕಿನ ಆಚೆ ಕಡೆ ಇಟ್ಕೊಂಡು ಕೂತು, ಪೇಟ ತೆಗೆದು ತೊಡೆ ಮೇಲಿಟ್ಟು, ನನ್ನನ್ನ ನಾನೇ ಕೇಳ್ಕೊಂಡೆ. ಆ ಬೀದಿ ಇತ್ತು ಅಂತ ಹೇಗೆ ಗೊತ್ತು? ಯಾರು ಮೊದಲು ಹೇಳಿದ್ದು, ಅವರಾ, ನೀನಾ? ಒಂದೊಂದಕ್ಕೂ ಉತ್ತರ ಹೇಳ್ತಾ ಹೋದೆ. ಹಿಮದ ಕಥೆ ಬಂದಾಗ ಹಿಂದೆ ಯಾರೋ ಒಬ್ಬರು ನಕ್ಕು, ಬೇರೆ ಯಾರೂ ನಗದಿದ್ದಕ್ಕೆ ನಿಲ್ಲಿಸಿದ್ರು. "ಬೀದಿ ಇರಲಿಲ್ಲ ಅಂತಲೂ ನನಗೆ ಗೊತ್ತಿಲ್ಲ," ಅಂದೆ. "ಇತ್ತು ಅನ್ನೋಕೆ ನನ್ನ ಹತ್ರ ಏನೂ ಇಲ್ಲ. ಕ್ಷಮಿಸಿ."

ಅಂಕಲ್ ತಮ್ಮ ಕೈ ನೋಡ್ಕೊಂಡು ಕೂತಿದ್ರು. ಅಷ್ಟರಲ್ಲಿ ಅನಘಾ ಕೈ ಎತ್ತಿ ಮಲಯಾಳದಲ್ಲಿ ಪಟಪಟ ಏನೋ ಕೇಳಿದಳು. ನಾನು ಪಿಳಿಪಿಳಿ ನೋಡಿದೆ. ಅಂಕಲ್ ನಿಧಾನಕ್ಕೆ ಎದ್ದು, ಮನಸ್ಸಿಲ್ಲದ ಮನಸ್ಸಲ್ಲಿ ಮೈಕ್ ತಗೊಂಡ್ರು.

"ನನ್ನ ಮಗಳು ಕೇಳ್ತಿರೋದು ಏನಂದ್ರೆ... ಅಷ್ಟು ಹೊತ್ತಲ್ಲಿ ಆ ಅಜ್ಜ ತಾವಾಗೇ ಏನಾದ್ರೂ ಹೇಳೋಕೆ ಬಂದಿರಲಿಲ್ವಾ ಅಂತ."

ನಾನು ಬಾಯಿ ತೆಗೆದೆ. ಲಾವಂಚದ ಕಟ್ಟು ಹಿಡಿದ ಕೈ ಕಣ್ಣ ಮುಂದೆ ಬಂತು. "ಬಂದಿದ್ರು," ಅಂದೆ. "ಅವರಮ್ಮನ ಬಗ್ಗೆ ಏನೋ. ನಾನು ಬಿಡಲಿಲ್ಲ."

ಅನಘಾ ಅಪ್ಪನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದಳು. ಅಂಕಲ್ ಅದನ್ನ ಕನ್ನಡಕ್ಕೆ ತರಲಿಲ್ಲ. ಉದಯ ಆಮೇಲೆ ಹೇಳಿದ: "ಹಾಗಾದ್ರೆ ಹೋಗಿ ಕೇಳ್ಳಿ" ಅಂದಳಂತೆ.

ಊಟಕ್ಕೆ ಕೂತಾಗ ಅಂಕಲ್ಲೇ ಸಾಲಿನ ಉದ್ದಕ್ಕೂ ಹೋಳಿಗೆ ಬಡಿಸ್ತಾ ಬಂದ್ರು. ನನ್ನ ಎಲೆ ಹತ್ರ ಸ್ವಲ್ಪ ನಿಂತ್ರು. "ಬೇಜಾರಾಯ್ತು ಕಣಪ್ಪಾ," ಅಂದು ಒಂದು ಹೋಳಿಗೆ ಹಾಕಿದ್ರು. ನಾಲ್ಕು ಹೆಜ್ಜೆ ಮುಂದೆ ಹೋದವರು ವಾಪಸ್ ಬಂದು ತುಪ್ಪ ಹಾಕಿದ್ರು.

ಮಾರನೇ ದಿನವೇ ಚಾಲೈಗೆ ಹೋದೆ, ಉದಯನ ಜೊತೆ. ನನ್ನ ಜೀವನದಲ್ಲಿ ಮೊದಲ ಸಲ ಒಂದು ಗೋಣಿಚೀಲದ ಮೇಲೆ ಸುಮ್ಮನೆ ಕೂತೆ. "ಅವತ್ತು ಅಮ್ಮನ ಬಗ್ಗೆ ಏನೋ ಹೇಳ್ತಿದ್ರಿ" ಅಂತ ಉದಯನ ಕೈಲಿ ಕೇಳಿಸಿದ್ದು ಬಿಟ್ರೆ ಬೇರೆ ಪ್ರಶ್ನೆ ಇಲ್ಲ. ಅಣ್ಣಾಚಿ ಮೊದಲು ಮಳೆ ನೋಡಿದ್ರು. ನನಗೆ ನಾಲಿಗೆ ಕೆರೀತಿತ್ತು, ಕಚ್ಚಿ ಹಿಡಿದೆ. ಆಮೇಲೆ ನಿಧಾನಕ್ಕೆ ಶುರು ಮಾಡಿದ್ರು. ಅವರಮ್ಮ, ಜೊತೆಗೆ ಬೀದಿಯ ಇನ್ನೂ ಏಳೆಂಟು ಹೆಂಗಸರು ಹಿಂದಿನ ಕೋಣೇಲಿ ಕೂತು ಬೇರು ಆರಿಸ್ತಿದ್ರಂತೆ. ದೀಪ ಮಂಕು, ಹಾಗಾಗಿ ಕಣ್ಣಿಗಿಂತ ಮೂಗೇ ಹೆಚ್ಚು. ಯಾವ ಗುಡ್ಡದ ಲಾವಂಚ, ಯಾವ ಮಳೆ ಬಿದ್ದ ಮೇಲೆ ಕಿತ್ತದ್ದು, ಕಲಬೆರಕೆ ಎಷ್ಟು, ಎಲ್ಲ ಮೂಸಿಯೇ ಹೇಳೋರು. ವೈದ್ಯರು ಅವರ ಮಾತು ಕೇಳ್ಕೊಂಡು ಸಾಮಾನು ಒಯ್ತಿದ್ರು. ಅಂಗಡಿ ಬೋರ್ಡಲ್ಲಿ ಅಜ್ಜನ ಹೆಸರಿದೆ, ಅಪ್ಪನ ಹೆಸರಿದೆ. "ಅಮ್ಮನ ಹೆಸರು ಎಲ್ಲೂ ಇಲ್ಲ ತಂಬಿ. ಇದರಲ್ಲಿ ಇದೆ," ಅಂತ ಕಟ್ಟನ್ನ ನನ್ನ ಮೂಗಿಗೆ ಹಿಡಿದ್ರು.

ಅದನ್ನೇ ಬರೆದೆ. ಅವರೊಬ್ಬರ ಮಾತು ಸಾಲದು ಅಂತ ಬೀದಿಯ ಇನ್ನಿಬ್ಬರು ಮುದುಕೀರನ್ನ ಹುಡುಕಿದೆ. ಒಬ್ಬರು ಅಣ್ಣಾಚಿ ಹೇಳಿದ್ದು ಹೌದು ಅಂದ್ರು, ಇನ್ನೊಬ್ಬರು ಅವರಮ್ಮನಿಗಿಂತ ತಮ್ಮಮ್ಮನ ಮೂಗು ಚುರುಕು ಅಂತ ಜಗಳಕ್ಕೆ ಬಂದ್ರು. ಎರಡನ್ನೂ ಬರೆದೆ. ಎದುರು ಕುರ್ಚೀಲಿ ಅರ್ಧ ಪ್ರಬಂಧ ಬಿತ್ತು, ಅರ್ಧ ನಿಂತಿತು. ಟೀಚರ್ ಕೊನೆ ಪುಟದಲ್ಲಿ ಬರೆದದ್ದು ಒಂದೇ ಸಾಲು: 'ಇವತ್ತು ತಿಂಡಿ ತಿಂದಿದ್ದೀಯ ಅಂತ ನಂಬ್ತೀನಿ.'

ಈಗ ಅದೇ ಮಾಡಿನ ಕೆಳಗೆ, ಹನ್ನೊಂದು ಒದ್ದೆ ಮಕ್ಕಳ ಜೊತೆ ನಿಂತಿದ್ದೆ. ಅಣ್ಣಾಚಿ ಇದ್ರು. ಕನ್ನಡಕ ದಪ್ಪ ಆಗಿದೆ, ವಿಭೂತಿ ಹಾಗೇ ಇದೆ. ಸ್ವಲ್ಪ ಹೊತ್ತು ನೋಡಿ, "ಹಿಮದ ತಂಬಿ!" ಅಂತ ಕೂಗಿದ್ರು. ಟವೆಲ್ ಎಸೆದ್ರು. ಆಮೇಲೆ ಹುಬ್ಬು ಹಾರಿಸಿ ಕೇಳಿದ್ರು, "ಇವತ್ತು ಕೇಳೋಕೆ ಬಂದ್ಯಾ, ಹೇಳೋಕೆ ಬಂದ್ಯಾ?"

ನಾನು ಉತ್ತರ ಕೊಡೋ ಮುಂಚೆ ನನ್ನ ಸ್ಟೂಡೆಂಟು ಒಬ್ಬ, ಕ್ಲಾಸಿಗೇ ಫಸ್ಟು ಬರೋನು, ತನಗೆ ಬರೋ ತಮಿಳೆಲ್ಲ ಒಟ್ಟು ಮಾಡಿಕೊಂಡು ಮುಂದೆ ನುಗ್ಗಿದ: "ತಾತ, ಇಲ್ಲಿ ಹಿಂದೆ ನಮ್ಮ ಕನ್ನಡದವರು ಬಹಳ ಜನ ಇದ್ರಲ್ವಾ?"

ಅಣ್ಣಾಚಿ ಆ ಒದ್ದೆ ಮುಖ ನೋಡಿದ್ರು. ಕಣ್ಣು ನೋಡಿದ್ರು. ತುಟಿ ಆಗಲೇ "ಆ..." ಅಂತ ಕರುಣೆಯಿಂದ ಅರಳ್ತಾ ಇತ್ತು.

ನಾನು ಆ ಹುಡುಗನ ಕಾಲು ತುಳಿದೆ. ಎಲ್ಲರಿಗೂ ಕೂರೋಕೆ ಗೋಣಿಚೀಲ ತೋರಿಸಿ, ನಾನೂ ಒಂದರ ಮೇಲೆ ಕೂತು, ತುಟಿ ಮೇಲೆ ಬೆರಳಿಟ್ಟೆ. ಮಳೆ ಜೋರಾಯ್ತು. ಅಣ್ಣಾಚಿ ಕೈ ಚಾಚಿ ಲಾವಂಚದ ಒಂದು ಕಟ್ಟು ಎಳ್ಕೊಂಡು, ಮೂಸಿ, ಕಣ್ಣು ಮುಚ್ಚಿದ್ರು.